ಎಸ್ಕೇಪ್ ಆಗಿರುವ ಕನ್ನಡ ಪಠ್ಯ ಬಿಡಿಸಲು ಪೈಥಾನ್‌ನಲ್ಲಿ ಯಾವ ದಾರಿ ಹಿಡಿಯಬೇಕು?

ಎಲ್ಲಿಂದಲೋ ಬಂದ ಡೇಟಾ ಫೈಲ್ ತೆರೆಯುತ್ತೀರಿ. ‘ಕನ್ನಡ’ ಅಂತ ಇರಬೇಕಾದ ಕಡೆ \ಯು0ಸಿ95\ಯು0ಸಿಎ8\ಯು0ಸಿಸಿಡಿ\ಯು0ಸಿಎ8\ಯು0ಸಿಎ1 ಅಂತ ಕಾಣುತ್ತದೆ. ಅಕ್ಷರದ ಬದಲು ಬ್ಯಾಕ್‌ಸ್ಲ್ಯಾಶ್ ಹಾಕಿ ಅದರ ಸಂಖ್ಯೆ ಬರೆಯುವ ಈ ರೂಪಕ್ಕೇ ಎಸ್ಕೇಪ್ ಅನ್ನುತ್ತಾರೆ. ಇದನ್ನು ಮತ್ತೆ ಅಕ್ಷರ ಮಾಡುವುದು ಹೇಗೆ ಅಂತ ಹುಡುಕಿದರೆ ಆರೇಳು ಉತ್ತರ ಸಿಗುತ್ತವೆ. ಒಬ್ಬರು ಜೇಸನ್ (ಡೇಟಾ ಬರೆದಿಡುವ ಒಂದು ಪಠ್ಯ ರೂಪ) ಅಂತಾರೆ, ಇನ್ನೊಬ್ಬರು ಯೂನಿಕೋಡ್ ಎಸ್ಕೇಪ್ ಕೋಡೆಕ್ (ಬೈಟುಗಳನ್ನು ಅಕ್ಷರಕ್ಕೆ, ಅಕ್ಷರವನ್ನು ಬೈಟಿಗೆ ಬದಲಿಸುವ ಸಾಧನ) ಅಂತಾರೆ, ಮತ್ತೊಬ್ಬರು ಇವಾಲ್ (ಪಠ್ಯವನ್ನು ಕೋಡ್ ಅಂತ ಓಡಿಸುವ ಫಂಕ್ಷನ್) ಹಾಕಿ ಮುಗಿಸಿ ಅಂತಾರೆ. ಇಂಗ್ಲಿಷ್ ಪಠ್ಯದ ಮೇಲೆ ಎಲ್ಲವೂ ಒಂದೇ ಥರ ಕೆಲಸ ಮಾಡುತ್ತವೆ. ಕನ್ನಡ ಬಂದ ಕೂಡಲೇ ಒಂದೊಂದು ಒಂದೊಂದು ಥರ ಕೆಡುತ್ತದೆ. ಅದಕ್ಕೇ ಈ ಹೋಲಿಕೆ.

ಕೋಡ್‌ನ ಹೆಸರುಗಳನ್ನು, ಹೆಕ್ಸ್ (16ರ ಆಧಾರದ) ಅಂಕಿಗಳನ್ನು ಇಲ್ಲಿ ಓದುವ ಹಾಗೇ ಕನ್ನಡದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಅವನ್ನೇ ಇಂಗ್ಲಿಷ್‌ನಲ್ಲಿ ಹಾಕಿಕೊಳ್ಳಿ. ಹೇಳುವುದೆಲ್ಲ ಪೈಥಾನ್ 3ರ ಬಗ್ಗೆ, ಬೇರೆ ಭಾಷೆಗಳ ಮಾತು ಕೊನೆಯ ಕಡೆ ಸ್ವಲ್ಪ ಇದೆ.

ಮೊದಲು: ನಿಜಕ್ಕೂ ಎಸ್ಕೇಪ್ ಆಗಿದೆಯಾ?

ಇದನ್ನು ನೋಡದೆ ಮುಂದೆ ಹೋಗಬೇಡಿ. ಸ್ಟ್ರಿಂಗ್‌ನ ಉದ್ದ ಅಳೆಯಿರಿ, ಅಂದರೆ ಲೆನ್ ಹಾಕಿ. ‘ಕನ್ನಡ’ ಪದದಲ್ಲಿ 5 ಕೋಡ್ ಪಾಯಿಂಟ್ (ಯೂನಿಕೋಡ್‌ನಲ್ಲಿ ಸ್ವಂತ ಸಂಖ್ಯೆ ಇರುವ ಅಕ್ಷರ ಅಥವಾ ಚಿಹ್ನೆ) ಇವೆ: ಕ, ನ, ಹಲಂತ ಚಿಹ್ನೆ (್), ನ, ಡ. ಉತ್ತರ 5 ಬಂದರೆ ನಿಮ್ಮ ಬಳಿ ಇರುವುದು ಸರಿಯಾದ ಕನ್ನಡವೇ, ತೋರಿಸುವ ಕಡೆ ಮಾತ್ರ ಬೇರೆ ಥರ ಕಾಣುತ್ತಿದೆ. 30 ಬಂದರೆ ನಿಜವಾಗಿಯೂ ಎಸ್ಕೇಪ್ ಆಗಿದೆ, ಒಂದೊಂದು ಕೋಡ್ ಪಾಯಿಂಟ್ 6 ಅಕ್ಷರ ತಿಂದಿದೆ. 15 ಬಂದರೆ ಕಥೆಯೇ ಬೇರೆ: ಯುಟಿಎಫ್-8ರ (ಅಕ್ಷರಗಳನ್ನು ಬೈಟುಗಳಾಗಿ ಇಡುವ ಪದ್ಧತಿ, ಒಂದು ಕನ್ನಡ ಅಕ್ಷರಕ್ಕೆ 3 ಬೈಟ್) ಬೈಟುಗಳನ್ನು ಯಾರೋ ಒಂದೊಂದಾಗಿ ಅಕ್ಷರ ಅಂತ ಓದಿದ್ದಾರೆ. ಅದನ್ನು ಬಿಡಿಸುವುದು ಹೇಗೆ ಅಂತ ಆಮೇಲೆ ಹೇಳುತ್ತೇನೆ.

ಕನ್ನಡದವರು ಜಾಸ್ತಿ ಮೋಸ ಹೋಗುವ ಜಾಗ ಒಂದಿದೆ. ‘ರಾಜ್‌ಕುಮಾರ್’ ಅನ್ನುವ ಹೆಸರನ್ನು ಒಂದು ಲಿಸ್ಟಿನಲ್ಲಿ ಹಾಕಿ ಪ್ರಿಂಟ್ ಮಾಡಿ. ಮಧ್ಯದಲ್ಲಿ \ಯು200ಸಿ ಅಂತ ಕಾಣುತ್ತದೆ. ಅದು ಜ್ ಮತ್ತು ಕು ಒತ್ತಕ್ಷರವಾಗಿ ಸೇರಿಕೊಳ್ಳದಂತೆ ತಡೆಯುವ ಅದೃಶ್ಯ ಅಕ್ಷರ. ಪೈಥಾನ್ ಲಿಸ್ಟಿನೊಳಗಿನ ಸ್ಟ್ರಿಂಗ್ ತೋರಿಸುವಾಗ ಕಣ್ಣಿಗೆ ಕಾಣದ ಅಕ್ಷರಗಳನ್ನು ಎಸ್ಕೇಪ್ ರೂಪದಲ್ಲಿ ತೋರಿಸುತ್ತದೆ, ಅಷ್ಟೇ. ಡೇಟಾ ಕೆಟ್ಟಿಲ್ಲ. ಆ ಹೆಸರನ್ನು ನೇರವಾಗಿ ಪ್ರಿಂಟ್ ಮಾಡಿದರೆ ಸರಿಯಾಗಿಯೇ ಬರುತ್ತದೆ. ಇದನ್ನು ಕಸ ಅಂತ ತಿಳಿದು ರಿಪ್ಲೇಸ್ ಹಾಕಿ ತೆಗೆದುಬಿಡುವ ಕೋಡ್ ಬೇಕಾದಷ್ಟಿದೆ. ತೆಗೆದರೆ ಹೆಸರಿನ ಕಾಗುಣಿತವೇ ಹಾಳು, ಜ ಅಕ್ಷರಕ್ಕೆ ಕ ಒತ್ತಾಗಿ ಅಂಟಿಕೊಳ್ಳುತ್ತದೆ. ದಯವಿಟ್ಟು ತೆಗೆಯಬೇಡಿ.

ಯಾವ ಅಳತೆಯಲ್ಲಿ ನೋಡಬೇಕು

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ: ಈ ಎಸ್ಕೇಪ್ ಮಾಡಿದವರು ಯಾರು? ಜೇಸನ್ ಬರೆಯುವ ಲೈಬ್ರರಿಯೋ, ಪೈಥಾನ್‌ನ ರೆಪ್ರ್ (ಸ್ಟ್ರಿಂಗ್ ಅನ್ನು ಕೋಡ್‌ನಲ್ಲಿ ಬರೆಯುವ ಹಾಗೆ ತೋರಿಸುವ) ಫಂಕ್ಷನ್ನೋ, ಬ್ರೌಸರಿನ ಅಡ್ರೆಸ್ ಬಾರೋ, ಕೋಡ್‌ನ ಆವೃತ್ತಿಗಳನ್ನು ನೋಡಿಕೊಳ್ಳುವ ಗಿಟ್ಟೋ? ಹಾಕಿದವರ ನಿಯಮ ಏನಿದೆಯೋ ಬಿಡಿಸುವವರ ನಿಯಮವೂ ಅದೇ ಇರಬೇಕು. ನನ್ನ ಪ್ರಕಾರ ಮುಕ್ಕಾಲು ಪಾಲು ತೊಂದರೆ ಈ ಪ್ರಶ್ನೆ ಕೇಳದೇ ಇರುವುದರಿಂದಲೇ ಬರುತ್ತದೆ.

ಎರಡನೆಯದು, ಅದೇ ಪಠ್ಯದಲ್ಲಿ ನೇರ ಕನ್ನಡವೂ ಇದೆಯಾ? ಅರ್ಧ ಎಸ್ಕೇಪ್, ಅರ್ಧ ನೇರ ಅಕ್ಷರ ಅಂತ ಬೆರೆತಿರುವ ಪಠ್ಯ ನಮ್ಮಲ್ಲಿ ಸಾಮಾನ್ಯ, ಬೇರೆ ಬೇರೆ ಮೂಲದಿಂದ ಸೇರಿಸಿದ ಫೈಲ್‌ಗಳಲ್ಲಂತೂ ಇದ್ದೇ ಇರುತ್ತದೆ. ಮೂರನೆಯದು, ಇಮೋಜಿ ಇದೆಯಾ? ಕನ್ನಡದ ಅಕ್ಷರಗಳೆಲ್ಲ 0ಸಿ80ರಿಂದ 0ಸಿಎಫ್‌ಎಫ್‌ವರೆಗಿನ ಪಟ್ಟಿಯಲ್ಲಿವೆ, ನಾಲ್ಕು ಹೆಕ್ಸ್ ಅಂಕಿಯಲ್ಲಿ ಮುಗಿಯುತ್ತವೆ. 😀 ಹಾಗಲ್ಲ. ಜೇಸನ್‌ನಲ್ಲಿ ಅದು ಎರಡು ಹೋಳಾಗಿ (ಈ ಹೋಳುಗಳಿಗೆ ಸರೋಗೇಟ್ ಅಂತ ಹೆಸರು) ಬರುತ್ತದೆ: \ಯುಡಿ83ಡಿ\ಯುಡಿಇ00. ಎರಡನ್ನೂ ಸೇರಿಸಿ ಓದಲು ಬರದ ಡಿಕೋಡರ್ ಅಲ್ಲಿ ಎಡವುತ್ತದೆ.

ಇನ್ನೆರಡಿವೆ: ಪಠ್ಯ ಹೊರಗಿನವರಿಂದ ಬರುತ್ತದಾ, ಅಂದರೆ ನಂಬಿಕೆಯ ಪ್ರಶ್ನೆ. ಮತ್ತೆ, ಇದು ಒಂದು ಸಲದ ಕೆಲಸವಾ ಅಥವಾ ದಿನಾ ಓಡುವ ಪ್ರೋಗ್ರಾಮಾ? ಇಲ್ಲಿ ದುಡ್ಡಿನ ಲೆಕ್ಕ ಇಲ್ಲ, ಎಲ್ಲವೂ ಉಚಿತ. ಖರ್ಚಾಗುವುದು ನಿಮ್ಮ ಸಮಯ ಮತ್ತು ಕಂಪ್ಯೂಟರಿನ ಮೆಮೊರಿ.

ಜೇಸನ್ ಲೋಡ್ಸ್

ಪೂರ್ತಿ ಜೇಸನ್ ಫೈಲ್ ಕೈಯಲ್ಲಿದ್ದರೆ ಬೇರೆ ಏನೂ ಯೋಚಿಸಬೇಡಿ, ಇದೇ ಸರಿ. ಪೈಥಾನ್‌ನ ಜೇಸನ್ ಡಂಪ್ಸ್ ಫಂಕ್ಷನ್ ಏನೂ ಹೇಳದಿದ್ದರೆ ಆಸ್ಕಿ (ಇಂಗ್ಲಿಷ್ ಅಕ್ಷರ, ಅಂಕಿ, ಸಾಮಾನ್ಯ ಚಿಹ್ನೆಗಳ ಪಟ್ಟಿ) ಅಲ್ಲದ್ದನ್ನೆಲ್ಲ ಎಸ್ಕೇಪ್ ಮಾಡಿಯೇ ಬರೆಯುತ್ತದೆ. ಅದನ್ನು ಲೋಡ್ಸ್ ಸರಿಯಾಗಿ ಬಿಡಿಸುತ್ತದೆ. ಇಮೋಜಿಯ ಎರಡು ಹೋಳನ್ನೂ ಸೇರಿಸುತ್ತದೆ. ನೇರ ಕನ್ನಡ ಮಧ್ಯದಲ್ಲಿದ್ದರೂ ಮುಟ್ಟುವುದಿಲ್ಲ. ಹೊರಗಿನ ಪಠ್ಯ ಕೊಟ್ಟರೂ ಕೋಡ್ ಓಡಿಸುವ ಅಪಾಯ ಇಲ್ಲ.

ತೊಂದರೆ ಬರುವುದು ತುಂಡು ಪಠ್ಯಕ್ಕೆ ಇದನ್ನು ಬಳಸಿದಾಗ. ಎರಡೂ ಕಡೆ ಡಬಲ್ ಕೋಟ್ ಅಂಟಿಸಿ ಲೋಡ್ಸ್‌ಗೆ ಕೊಡಿ ಅನ್ನುವ ಸಲಹೆ ಎಲ್ಲ ಕಡೆ ಇದೆ. ಪಠ್ಯದೊಳಗೇ ಒಂದು ಡಬಲ್ ಕೋಟ್ ಇದ್ದರೆ ಅಲ್ಲಿಗೇ ಎರರ್. ನಿಜವಾದ ಹೊಸ ಸಾಲು ಇದ್ದರೂ ಎರರ್, ಸ್ಟ್ರಿಕ್ಟ್ ಅನ್ನು ಫಾಲ್ಸ್ ಮಾಡಿದರೆ ಮಾತ್ರ ಒಪ್ಪುತ್ತದೆ. ಇನ್ನು ಜೇಸನ್‌ಗೆ ಗೊತ್ತಿರುವ ಎಸ್ಕೇಪ್‌ಗಳು ಬೆರಳೆಣಿಕೆಯಷ್ಟು: ಡಬಲ್ ಕೋಟ್, ಬ್ಯಾಕ್‌ಸ್ಲ್ಯಾಶ್, ಸ್ಲ್ಯಾಶ್, ಬಿ, ಎಫ್, ಎನ್, ಆರ್, ಟಿ, ಆಮೇಲೆ ಯು ಜೊತೆ ನಾಲ್ಕು ಹೆಕ್ಸ್ ಅಂಕಿ. \ಎಕ್ಸ್41 ಕೊಟ್ಟರೆ ಒಪ್ಪುವುದಿಲ್ಲ, ಬ್ಯಾಕ್‌ಸ್ಲ್ಯಾಶ್ ಜೊತೆ ಸಿಂಗಲ್ ಕೋಟ್ ಕೊಟ್ಟರೂ ಒಪ್ಪುವುದಿಲ್ಲ. ಈ ಹಟಮಾರಿತನ ನನಗೆ ಇಷ್ಟ. ತಪ್ಪಾಗಿ ಬಿಡಿಸಿ ಸುಮ್ನೆ ಇರುವುದಕ್ಕಿಂತ ಇಲ್ಲಿ ಏನೋ ಸರಿ ಇಲ್ಲ ಅಂತ ಕೂಗುವುದು ಎಷ್ಟೋ ಒಳ್ಳೆಯದು.

ಒಂದು ಸಲ ಲೋಡ್ಸ್ ಮಾಡಿದ ಮೇಲೂ \ಯು0ಸಿ95 ಉಳಿದಿದೆಯಾ? ಹಾಗಾದರೆ ಯಾರೋ ಜೇಸನ್ ಒಳಗೆ ಇನ್ನೊಂದು ಜೇಸನ್ ಅನ್ನು ಸ್ಟ್ರಿಂಗ್ ಆಗಿ ಇಟ್ಟಿದ್ದಾರೆ. ಒಳಗಿನದಕ್ಕೆ ಇನ್ನೊಂದು ಸಲ ಲೋಡ್ಸ್ ಹಾಕಿ. ಎಷ್ಟು ಪದರ ಇದೆಯೋ ಅಷ್ಟೇ ಸಲ. ‘ಎಸ್ಕೇಪ್ ಹೋಗುವ ತನಕ ಲೂಪ್ ಹಾಕು’ ಅಂತ ಮಾತ್ರ ಬರೆಯಬೇಡಿ. ಬಳಕೆದಾರರು ಬೇಕಂತಲೇ ಬರೆದ ಬ್ಯಾಕ್‌ಸ್ಲ್ಯಾಶ್‌ಗಳೂ ಅದರಲ್ಲಿ ಕರಗಿಹೋಗುತ್ತವೆ.

ಯೂನಿಕೋಡ್ ಎಸ್ಕೇಪ್ ಕೋಡೆಕ್

ಎಲ್ಲರೂ ಮೊದಲು ಹೇಳುವ ಉತ್ತರ ಇದು, ಕನ್ನಡವನ್ನು ಅತಿ ಹೆಚ್ಚು ಕೆಡಿಸುವುದೂ ಇದೇ. ಪಠ್ಯವನ್ನು ಯುಟಿಎಫ್-8 ಬೈಟ್ ಮಾಡಿ, ಆಮೇಲೆ ಯೂನಿಕೋಡ್ ಎಸ್ಕೇಪ್ ಅಂತ ಡಿಕೋಡ್ ಮಾಡಿ ಅಂತಾರೆ. ಈ ಕೋಡೆಕ್ ಎಸ್ಕೇಪ್ ಅಲ್ಲದ ಬೈಟುಗಳನ್ನು ಲ್ಯಾಟಿನ್-1 (ಒಂದು ಬೈಟಿಗೆ ಒಂದು ಅಕ್ಷರ ಅನ್ನುವ ಹಳೆಯ ಪದ್ಧತಿ) ಅಂತ ಓದುತ್ತದೆ, ಯುಟಿಎಫ್-8 ಅಂತ ಅಲ್ಲ. ಹಾಗಾಗಿ ನೇರವಾಗಿ ಬರೆದ ಒಂದು ‘ಕ’ ಮೂರು ಬೈಟಾಗಿ, ಮೂರೂ ಬೇರೆ ಬೇರೆ ವಿಚಿತ್ರ ಅಕ್ಷರಗಳಾಗಿ ಹೊರಬರುತ್ತದೆ. ಎರರ್ ಕೂಡ ಬರುವುದಿಲ್ಲ. ಎಸ್ಕೇಪ್ ಆಗಿದ್ದ ಭಾಗ ಚೆನ್ನಾಗಿ ಕಾಣುತ್ತದೆ, ಚೆನ್ನಾಗಿದ್ದ ಭಾಗ ಹಾಳಾಗಿರುತ್ತದೆ. ದೊಡ್ಡ ಫೈಲಿನಲ್ಲಿ ಇದು ಯಾರ ಕಣ್ಣಿಗೂ ಬೀಳದೆ ಡೇಟಾಬೇಸ್ ಸೇರಿಬಿಡುತ್ತದೆ.

ಯುಟಿಎಫ್-8 ಬದಲು ಆಸ್ಕಿ ಹಾಕಿದರೆ ವಾಸಿ. ನೇರ ಕನ್ನಡ ಇದ್ದರೆ ಅಲ್ಲೇ ಎರರ್ ಬಂದು ನಿಲ್ಲುತ್ತದೆ. ಪಠ್ಯವೆಲ್ಲ ಶುದ್ಧ ಆಸ್ಕಿ ಅಂತ ಖಚಿತವಾಗಿದ್ದರೆ, ಇಮೋಜಿ ಇಲ್ಲದಿದ್ದರೆ, \ಎನ್, \ಟಿ, \ಎಕ್ಸ್41 ಎಲ್ಲವೂ ಬಿಡಬೇಕು ಅಂತಿದ್ದರೆ ಆಗ ಈ ಕೋಡೆಕ್ ಬಳಸಬಹುದು.

ಇದಕ್ಕೊಂದು ಜಾಣ ಉಪಾಯವೂ ಪ್ರಚಾರದಲ್ಲಿದೆ. ಮೊದಲು ಲ್ಯಾಟಿನ್-1ಗೆ ಎನ್‌ಕೋಡ್ ಮಾಡುವಾಗ ಎರರ್ ನೀತಿಯಾಗಿ ಬ್ಯಾಕ್‌ಸ್ಲ್ಯಾಶ್ ರಿಪ್ಲೇಸ್ ಅಂತ ಕೊಡಿ, ನೇರ ಕನ್ನಡವೂ ಎಸ್ಕೇಪ್ ಆಗುತ್ತದೆ, ಆಮೇಲೆ ಎಲ್ಲವೂ ಒಟ್ಟಿಗೆ ಬಿಡಿಸಿಕೊಳ್ಳುತ್ತವೆ. ಹೆಚ್ಚಿನ ಸಲ ಇದು ಸರಿಯಾಗಿಯೇ ನಡೆಯುತ್ತದೆ. ಆದರೆ ಒಂದು ಕಡೆ ಕೈಕೊಡುತ್ತದೆ: ನೇರ ಕನ್ನಡ ಅಕ್ಷರದ ಮುಂಚೆ ಬ್ಯಾಕ್‌ಸ್ಲ್ಯಾಶ್ ಇದ್ದರೆ. ವಿಂಡೋಸ್‌ನಲ್ಲಿ ಡಿ:\ಹಾಡು ಅನ್ನುವ ಫೋಲ್ಡರ್ ಇದೆ ಅನ್ನಿ. ‘ಹ’ ಎಸ್ಕೇಪ್ ಆಗುವಾಗ ಅದರ ಬ್ಯಾಕ್‌ಸ್ಲ್ಯಾಶ್ ಈಗಾಗಲೇ ಇರುವ ಬ್ಯಾಕ್‌ಸ್ಲ್ಯಾಶ್ ಪಕ್ಕ ಕೂರುತ್ತದೆ. ಬಿಡಿಸುವಾಗ ಎರಡೂ ಸೇರಿ ಒಂದು ಬ್ಯಾಕ್‌ಸ್ಲ್ಯಾಶ್ ಆಗುತ್ತದೆ, ‘ಹ’ ಮಾತ್ರ ಯು0ಸಿಬಿ9 ಅಂತ ಅಕ್ಷರಶಃ ಉಳಿದುಬಿಡುತ್ತದೆ. ಇಂಗ್ಲಿಷ್ ಹೆಸರಿನ ಫೋಲ್ಡರ್‌ಗಳ ಕಥೆ ಇನ್ನೊಂದು ಥರ: ಸಿ:\ನ್ಯೂ ಅಂತ ಇಂಗ್ಲಿಷ್‌ನಲ್ಲಿ ಬರೆದರೆ ಅದರ \ಎನ್ ಹೊಸ ಸಾಲಾಗುತ್ತದೆ, ಸಿ:\ಯೂಸರ್ಸ್ ಅಂತ ಬರೆದರೆ ದೊಡ್ಡ ಯು ಮುಂದೆ ಎಂಟು ಹೆಕ್ಸ್ ಅಂಕಿ ಎಲ್ಲಿ ಅಂತ ಕೇಳಿ ಎರರ್ ಕೊಡುತ್ತದೆ. ಫೈಲ್ ಪಾತ್ ಇರುವ ಪಠ್ಯಕ್ಕೆ ಈ ಕೋಡೆಕ್ ಬೇಡವೇ ಬೇಡ.

ಇಮೋಜಿಯ ವಿಷಯದಲ್ಲೂ ಇದು ಹಿಂದೆ. ಎರಡು ಹೋಳನ್ನು ಎರಡು ಹೋಳಾಗಿಯೇ ಬಿಡುತ್ತದೆ. ಆಮೇಲೆ ಯುಟಿಎಫ್-16ಗೆ ಸರೋಗೇಟ್ ಪಾಸ್ ನೀತಿ ಕೊಟ್ಟು ಎನ್‌ಕೋಡ್ ಮಾಡಿ, ಮತ್ತೆ ಯುಟಿಎಫ್-16 ಅಂತ ಡಿಕೋಡ್ ಮಾಡಿದರೆ ಕೂಡಿಕೊಳ್ಳುತ್ತವೆ. ಇಷ್ಟೆಲ್ಲ ತೇಪೆ ಹಾಕುವ ಬದಲು ಬೇರೆ ದಾರಿ ಹಿಡಿಯುವುದೇ ಮೇಲು.

ಲಿಟರಲ್ ಇವಾಲ್, ಮತ್ತು ಬರೀ ಇವಾಲ್

ಎಎಸ್‌ಟಿ ಮಾಡ್ಯೂಲಿನ ಲಿಟರಲ್ ಇವಾಲ್ (ಪಠ್ಯವಾಗಿ ಬರೆದ ಪೈಥಾನ್ ಮೌಲ್ಯಗಳನ್ನು ಮಾತ್ರ ಓದುವ ಫಂಕ್ಷನ್) ಅನ್ನು ಜನ ತುಂಡು ಪಠ್ಯಕ್ಕೆ ಕೋಟ್ ಅಂಟಿಸಿ ಬಳಸುತ್ತಾರೆ. ಅದಕ್ಕೆ ಇದು ಒಳ್ಳೆಯ ಆಯ್ಕೆ ಅಲ್ಲ, ಜೇಸನ್‌ಗೆ ಇರುವ ಕೋಟ್ ಮತ್ತು ಹೊಸ ಸಾಲಿನ ತೊಂದರೆ ಇಲ್ಲೂ ಇದೆ, ಇಮೋಜಿ ಕೂಡ ಕೂಡಿಕೊಳ್ಳುವುದಿಲ್ಲ. ಇದು ಮಿಂಚುವ ಜಾಗ ಬೇರೆ. ಪೈಥಾನ್ ತಾನೇ ಬರೆದಿಟ್ಟದ್ದನ್ನು ಓದುವಾಗ! ಸಿಎಸ್‌ವಿ ಫೈಲಿನ ಒಂದು ಕಾಲಂನಲ್ಲಿ ['ಕನ್ನಡ', 'ತುಳು'] ಅಂತ ಲಿಸ್ಟೇ ಪಠ್ಯವಾಗಿ ಕೂತಿರುತ್ತದಲ್ವಾ? ಸಿಂಗಲ್ ಕೋಟ್ ಇರುವುದರಿಂದ ಜೇಸನ್ ಅದನ್ನು ಓದುವುದಿಲ್ಲ. ಲಿಟರಲ್ ಇವಾಲ್ ಓದುತ್ತದೆ. ಪೈಥಾನ್ 2ರ ಕಾಲದ ಹಳೆಯ ಫೈಲ್‌ಗಳಲ್ಲಿ ಕೋಟ್‌ನ ಮುಂಚೆ ಒಂದು ಯು ಇರುತ್ತದೆ. ಅದೂ ಪರವಾಗಿಲ್ಲ, 3.3ರಿಂದ ಪೈಥಾನ್ ಆ ಬರಹವನ್ನು ಮತ್ತೆ ಒಪ್ಪುತ್ತದೆ. ಲಾಗ್ ಫೈಲ್‌ಗಳಲ್ಲಿ ಕೋಟ್‌ನ ಮುಂಚೆ ಬಿ ಇದ್ದು ಒಳಗೆ \ಎಕ್ಸ್ಇ0\ಎಕ್ಸ್ಬಿ2\ಎಕ್ಸ್95 ಅಂತ ಇದ್ದರೆ, ಯಾರೋ ಬೈಟ್‌ಗಳನ್ನೇ ಸ್ಟ್ರಿಂಗ್ ಮಾಡಿ ಬರೆದಿದ್ದಾರೆ ಅಂತ ಅರ್ಥ. ಲಿಟರಲ್ ಇವಾಲ್‌ನಿಂದ ಬೈಟ್ ವಾಪಸ್ ಪಡೆದು ಯುಟಿಎಫ್-8 ಅಂತ ಡಿಕೋಡ್ ಮಾಡಿ, ‘ಕ’ ಸಿಗುತ್ತದೆ.

ಇದು ಕೋಡ್ ಓಡಿಸುವುದಿಲ್ಲ, ನಿಜ. ಆದರೆ ತುಂಬಾ ದೊಡ್ಡ ಅಥವಾ ತುಂಬಾ ಆಳವಾಗಿ ಹೆಣೆದ ಪಠ್ಯ ಕೊಟ್ಟರೆ ಪೈಥಾನ್ ಅನ್ನೇ ಕೆಡವಬಹುದು. ಅಪರಿಚಿತರು ಕಳಿಸುವ ಪಠ್ಯಕ್ಕೆ ಇದನ್ನು ಇಡಬೇಡಿ.

ಬರೀ ಇವಾಲ್? ಬೇಡ. ಪಠ್ಯದ ಒಳಗೆ ಫೈಲ್ ಅಳಿಸುವ ಸಾಲು ಇದ್ದರೆ ಅದನ್ನೂ ಓಡಿಸುತ್ತದೆ. ಸ್ವಂತ ಲ್ಯಾಪ್‌ಟಾಪ್‌ನಲ್ಲಿ ಒಂದು ಸಲಕ್ಕೆ ಅಂತ ಬರೆದ ಕೋಡ್ ಮುಂದೆ ಸರ್ವರ್‌ಗೆ ಹೋಗುವುದು ತೀರಾ ಸಾಮಾನ್ಯ.

ರೆಜೆಕ್ಸ್: ಬೇಕಾದ್ದನ್ನು ಮಾತ್ರ ಬಿಡಿಸುವುದು

ಬೆರೆತ ಪಠ್ಯಕ್ಕೆ ನಾನು ಗಟ್ಟಿಯಾಗಿ ಹೇಳುವ ದಾರಿ ಇದು. ರೆಜೆಕ್ಸ್ ಅಂದರೆ ಪಠ್ಯದಲ್ಲಿ ಹುಡುಕಬೇಕಾದ್ದರ ಮಾದರಿ ಬರೆದು ಕೊಡುವ ವಿಧಾನ. ಮಾದರಿಗೆ ಸಿಕ್ಕಿದ್ದನ್ನು ಮಾತ್ರ ಬದಲಿಸಿ, ಉಳಿದದ್ದನ್ನು ಮುಟ್ಟಬೇಡಿ. ನೇರ ಕನ್ನಡ ಹಾಗೇ ಉಳಿಯುತ್ತದೆ, ಫೋಲ್ಡರ್ ಪಾತ್ ಹಾಗೇ ಉಳಿಯುತ್ತದೆ, ಕೋಟ್ ಇದ್ದರೂ ಚಿಂತೆ ಇಲ್ಲ.

ಬರೆಯುವುದರಲ್ಲಿ ಮೂರು ಎಚ್ಚರಿಕೆ. ಒಂದು, ಮಾದರಿಯನ್ನು ಕನ್ನಡದ ಪಟ್ಟಿಗೆ ಮಾತ್ರ ಸೀಮಿತ ಮಾಡಬೇಡಿ. 0ಸಿ80ರಿಂದ 0ಸಿಎಫ್‌ಎಫ್ ಅಂತ ಹಾಕಿದರೆ ರಾಜ್‌ಕುಮಾರ್ ಹೆಸರಿನ \ಯು200ಸಿ ಹಾಗೇ ಉಳಿಯುತ್ತದೆ, ‘ರ‍್ಯಾಂಕ್’ ಪದದಲ್ಲಿ ಅರ್ಕಾವತ್ತು ಬರದಂತೆ ತಡೆಯುವ \ಯು200ಡಿ ಕೂಡ ಉಳಿಯುತ್ತದೆ. ನಮ್ಮ ಕಾಗುಣಿತಕ್ಕೆ ಬೇಕಾದ ಈ ಎರಡೂ ಕನ್ನಡದ ಪಟ್ಟಿಯ ಹೊರಗೆ ಇವೆ. ಎರಡು, ಹೆಕ್ಸ್ ಅಂಕಿಗಳು ದೊಡ್ಡಕ್ಷರದಲ್ಲೂ ಬರಬಹುದು, ಚಿಕ್ಕಕ್ಷರದಲ್ಲೂ ಬರಬಹುದು, ಎರಡಕ್ಕೂ ಜಾಗ ಕೊಡಿ. ಮೂರು, ಒಂದೊಂದೇ ಎಸ್ಕೇಪ್ ಹಿಡಿದು ಸಿಎಚ್‌ಆರ್ ಫಂಕ್ಷನ್‌ಗೆ ಕೊಟ್ಟರೆ ಇಮೋಜಿ ಮತ್ತೆ ಎರಡು ಹೋಳು. ಅದಕ್ಕೆ ಒಂದರ ಹಿಂದೆ ಒಂದು ಸಾಲಾಗಿ ಬರುವ ಯು ಎಸ್ಕೇಪ್‌ಗಳನ್ನು ಒಟ್ಟಿಗೇ ಹಿಡಿಯಿರಿ, ಹಿಡಿದ ಆ ತುಂಡಿಗೆ ಮಾತ್ರ ಡಬಲ್ ಕೋಟ್ ಹಾಕಿ ಜೇಸನ್ ಲೋಡ್ಸ್‌ಗೆ ಕೊಡಿ. ಆ ತುಂಡಿನಲ್ಲಿ ಬ್ಯಾಕ್‌ಸ್ಲ್ಯಾಶ್, ಯು ಮತ್ತು ಹೆಕ್ಸ್ ಅಂಕಿ ಬಿಟ್ಟು ಬೇರೇನೂ ಇರುವುದಿಲ್ಲ, ಹಾಗಾಗಿ ಕೋಟ್ ತೊಂದರೆ ಬರಲು ದಾರಿಯೇ ಇಲ್ಲ. ಇಮೋಜಿಯನ್ನು ಲೋಡ್ಸ್ ನೋಡಿಕೊಳ್ಳುತ್ತದೆ.

ಜೋಡಿ ಬ್ಯಾಕ್‌ಸ್ಲ್ಯಾಶ್ ಇರುವ ಪಠ್ಯವಾದರೆ ಮಾದರಿಯಲ್ಲಿ ಅದನ್ನು ಮೊದಲ ಆಯ್ಕೆಯಾಗಿ ಸೇರಿಸಿ. ಇಲ್ಲದಿದ್ದರೆ ಎರಡನೆಯ ಬ್ಯಾಕ್‌ಸ್ಲ್ಯಾಶ್ ಅನ್ನು ಹೊಸ ಎಸ್ಕೇಪ್‌ನ ಶುರು ಅಂತ ತಿಳಿದುಬಿಡುತ್ತದೆ.

ಬೆಲೆ ಏನೆಂದರೆ, ಕೋಡ್ ನಿಮ್ಮದು, ಟೆಸ್ಟ್ ಬರೆಯುವ ಹೊಣೆಯೂ ನಿಮ್ಮದು. ಆದರೆ ಸಾಲು ಸಾಲಾಗಿ ಓಡಿಸಬಹುದು, ಎಷ್ಟೇ ದೊಡ್ಡ ಫೈಲ್ ಆದರೂ ಮೆಮೊರಿ ತುಂಬುವುದಿಲ್ಲ. ಜೇಸನ್ ಲೋಡ್ಸ್‌ಗೆ ಪೂರ್ತಿ ಫೈಲ್ ಒಂದೇ ಸಲ ಬೇಕು.

ಹೋಲುವ, ಆದರೆ ಬೇರೆಯೇ ಆದ ಎಸ್ಕೇಪ್‌ಗಳು

%ಇ0%ಬಿ2%95 ಅಂತ ಕಂಡರೆ ಅದು ಯುಆರ್‌ಎಲ್. ಕನ್ನಡ ವಿಕಿಪೀಡಿಯದ ಲಿಂಕ್ ಕಾಪಿ ಮಾಡಿದಾಗ ಬರುವುದು ಇದೇ, ‘ಕನ್ನಡ’ ಒಂದು ಪದಕ್ಕೇ 45 ಅಕ್ಷರ. ಯುಆರ್‌ಎಲ್‌ಲಿಬ್‌ನ ಅನ್‌ಕೋಟ್ ಸಾಕು. ಫಾರ್ಮ್‌ನಿಂದ ಬಂದದ್ದಾದರೆ, ಸ್ಪೇಸ್ ಬದಲು ಪ್ಲಸ್ ಇದ್ದರೆ, ಅನ್‌ಕೋಟ್ ಪ್ಲಸ್.

ಕ ಅಂತ ಕಂಡರೆ ಎಚ್‌ಟಿಎಂಎಲ್. ಎಚ್‌ಟಿಎಂಎಲ್ ಮಾಡ್ಯೂಲಿನ ಅನ್‌ಎಸ್ಕೇಪ್ ಫಂಕ್ಷನ್ ಪೈಥಾನ್ 3.4ರಿಂದ ಇದೆ.

\340\262\225 ಅಂತ ಕಂಡರೆ ಅದು ಬಹುಶಃ ಗಿಟ್. ಕನ್ನಡ ಹೆಸರಿನ ಫೈಲ್ ಇಟ್ಟು ಗಿಟ್ ಸ್ಟೇಟಸ್ ನೋಡಿದವರಿಗೆ ಇದು ಪರಿಚಯ ಇದ್ದೇ ಇರುತ್ತದೆ. ‘ಕ’ದ ಮೂರು ಬೈಟುಗಳು ಆಕ್ಟಲ್‌ನಲ್ಲಿ (8ರ ಆಧಾರದ ಅಂಕಿಯಲ್ಲಿ). ಇದನ್ನು ಬಿಡಿಸಲು ಹೋಗಬೇಡಿ, ಗಿಟ್ ಕಾನ್ಫಿಗ್‌ನಲ್ಲಿ ಕೋರ್ ಡಾಟ್ ಕೋಟ್‌ಪಾತ್ ಅನ್ನು ಫಾಲ್ಸ್ ಮಾಡಿ, ಹೆಸರು ಕನ್ನಡದಲ್ಲೇ ಕಾಣುತ್ತದೆ.

\ಯು00ಇ0\ಯು00ಬಿ2\ಯು0095 ಅಂತ ಕಂಡರೆ ಎಚ್ಚರ. ನೋಡಲು ಜೇಸನ್ ಎಸ್ಕೇಪೇ, ಆದರೆ ಬರೆದವರು ಅಕ್ಷರದ ಬದಲು ಯುಟಿಎಫ್-8 ಬೈಟುಗಳನ್ನು ಒಂದೊಂದಾಗಿ ಎಸ್ಕೇಪ್ ಮಾಡಿದ್ದಾರೆ. ಮೊದಲು ಹೇಳಿದ 15ರ ಉದ್ದದ ಕಥೆ ಇದೇ. ಜೇಸನ್ ಲೋಡ್ಸ್ ಮಾಡಿ, ಬಂದ ಸ್ಟ್ರಿಂಗ್ ಅನ್ನು ಲ್ಯಾಟಿನ್-1ಗೆ ಎನ್‌ಕೋಡ್ ಮಾಡಿ, ಆ ಬೈಟುಗಳನ್ನು ಯುಟಿಎಫ್-8 ಅಂತ ಡಿಕೋಡ್ ಮಾಡಿ. 00ಇ0 ಪದೇ ಪದೇ ಕಾಣುವುದೇ ಇದರ ಗುರುತು, ಯಾಕೆಂದರೆ ಕನ್ನಡದ ಪ್ರತಿ ಅಕ್ಷರದ ಮೊದಲ ಬೈಟ್ ಇ0.

ಬೇರೆ ಭಾಷೆಯಲ್ಲಿ ಬರೆಯುವವರಿಗೆ

ಜಾವಾಸ್ಕ್ರಿಪ್ಟ್‌ನಲ್ಲಿ ಜೇಸನ್ ಪಾರ್ಸ್ ಇದೆ, ಗುಣದೋಷ ಎರಡೂ ಮೇಲೆ ಹೇಳಿದ್ದೇ. ಜಾವಾದವರು ಒಂದು ವಿಷಯ ಗಮನಿಸಬೇಕು: ಜಾವಾ 15ರಲ್ಲಿ ಸ್ಟ್ರಿಂಗ್‌ಗೆ ಟ್ರಾನ್ಸ್‌ಲೇಟ್ ಎಸ್ಕೇಪ್ಸ್ ಅನ್ನುವ ಮೆಥಡ್ ಬಂತು, ಆದರೆ ಅದು ಯು ಎಸ್ಕೇಪ್‌ಗಳನ್ನು ಬಿಡಿಸುವುದಿಲ್ಲ. ಕನ್ನಡಕ್ಕೆ ಅಪಾಚೆ ಕಾಮನ್ಸ್ ಟೆಕ್ಸ್ಟ್‌ನ ಅನ್‌ಎಸ್ಕೇಪ್ ಜಾವಾ ಬೇಕು. ಪ್ರಾಪರ್ಟೀಸ್ ಫೈಲಿನಲ್ಲಿ ಕನ್ನಡ ಅನುವಾದ ಇಡುವವರು ಜಾವಾ 9ರಿಂದ ರಿಸೋರ್ಸ್ ಬಂಡಲ್‌ಗೆ ನೇರ ಯುಟಿಎಫ್-8 ಫೈಲ್ ಕೊಡಬಹುದು, ಎಸ್ಕೇಪ್ ಗೋಜೇ ಬೇಡ.

ಕೋಡ್ ಬರೆಯದವರಿಗೆ, ಒಂದು ಸಲದ ಕೆಲಸಕ್ಕೆ, ಜೇಸನ್ ಫೈಲ್ ಆಗಿದ್ದರೆ ಟರ್ಮಿನಲ್‌ನಲ್ಲಿ ಜೆಕ್ಯೂ ಸಾಕು. ಅದು ಫೈಲನ್ನು ಓದಿ ಕನ್ನಡದಲ್ಲೇ ಮುದ್ರಿಸುತ್ತದೆ. ಆನ್‌ಲೈನ್ ಡಿಕೋಡರ್ ಸೈಟುಗಳಿಗೆ ಗ್ರಾಹಕರ ಹೆಸರು, ಫೋನ್ ನಂಬರ್ ಇರುವ ಪಠ್ಯ ಅಂಟಿಸಬೇಡಿ.

ಹಾಗಾದರೆ ಯಾರಿಗೆ ಯಾವುದು

ಪೂರ್ತಿ ಜೇಸನ್ ಇದ್ದರೆ ಲೋಡ್ಸ್. ಪೈಥಾನ್ ಬರೆದ ಲಿಸ್ಟ್ ಅಥವಾ ಬೈಟ್ ಪಠ್ಯ, ಅದೂ ನಿಮ್ಮದೇ ಫೈಲ್ ಆದರೆ ಲಿಟರಲ್ ಇವಾಲ್. ನೇರ ಕನ್ನಡ ಬೆರೆತ ಪಠ್ಯ, ಹೊರಗಿನಿಂದ ಬರುವ ಪಠ್ಯ, ದೊಡ್ಡ ಫೈಲ್ ಇವಕ್ಕೆ ರೆಜೆಕ್ಸ್ ಜೊತೆ ಲೋಡ್ಸ್. ಶುದ್ಧ ಆಸ್ಕಿ, ಎಲ್ಲ ಥರದ ಪೈಥಾನ್ ಎಸ್ಕೇಪ್ ಇರುವ ಚಿಕ್ಕ ಪಠ್ಯಕ್ಕೆ ಮಾತ್ರ ಯೂನಿಕೋಡ್ ಎಸ್ಕೇಪ್ ಕೋಡೆಕ್, ಅದೂ ಆಸ್ಕಿ ಎನ್‌ಕೋಡ್ ಜೊತೆಗೆ.

ಡೇಟಾ ಬರೆಯುವ ಕಡೆಯೂ ನಿಮ್ಮ ಕೈಯಲ್ಲಿದ್ದರೆ ಅಲ್ಲೇ ಸರಿ ಮಾಡಿ. ಜೇಸನ್ ಡಂಪ್ಸ್‌ಗೆ ಎನ್‌ಶೂರ್ ಆಸ್ಕಿ ಫಾಲ್ಸ್ ಅಂತ ಕೊಡಿ, ಫೈಲ್ ತೆರೆಯುವಾಗ ಎನ್‌ಕೋಡಿಂಗ್ ಯುಟಿಎಫ್-8 ಅಂತ ಬರೆಯಿರಿ. ಪಿಎಚ್‌ಪಿಯಲ್ಲಿ ಜೇಸನ್ ಅನ್‌ಎಸ್ಕೇಪ್ಡ್ ಯೂನಿಕೋಡ್ ಆಯ್ಕೆ 5.4ರಿಂದ ಇದೆ. ಜಾಗವೂ ಉಳಿಯುತ್ತದೆ: ಒಂದು ಕನ್ನಡ ಅಕ್ಷರ ಎಸ್ಕೇಪ್ ಆದರೆ 6 ಬೈಟ್, ನೇರ ಯುಟಿಎಫ್-8ರಲ್ಲಿ 3 ಬೈಟ್. ಫೈಲ್ ತೆರೆದವರಿಗೆ ಕನ್ನಡವೇ ಕಾಣುತ್ತದೆ ಅನ್ನುವುದು ನನಗೆ ಅದಕ್ಕಿಂತ ದೊಡ್ಡ ಲಾಭ.

ಯಾವುದೇ ದಾರಿ ಹಿಡಿದರೂ ಒಂದು ಪರೀಕ್ಷೆಯ ಸಾಲು ಮಾಡಿಟ್ಟುಕೊಳ್ಳಿ. ಅದರಲ್ಲಿ ನೇರವಾಗಿ ಬರೆದ ‘ಕನ್ನಡ’, ಎಸ್ಕೇಪ್ ಆದ ‘ಕನ್ನಡ’, ಎಸ್ಕೇಪ್ ಆದ ‘ರಾಜ್‌ಕುಮಾರ್’, ಎಸ್ಕೇಪ್ ಆದ 😀, ಒಂದು ಡಬಲ್ ಕೋಟ್, ಡಿ:\ಹಾಡು ಇಷ್ಟೂ ಇರಲಿ. ಕೋಟ್ ಅಂಟಿಸಿದ ಲೋಡ್ಸ್ ಇದರಲ್ಲಿ ಎರರ್ ಕೊಡುತ್ತದೆ. ಯುಟಿಎಫ್-8 ಜೊತೆಗಿನ ಯೂನಿಕೋಡ್ ಎಸ್ಕೇಪ್ ಮೊದಲ ಪದವನ್ನೇ ಕೆಡಿಸುತ್ತದೆ. ಬ್ಯಾಕ್‌ಸ್ಲ್ಯಾಶ್ ರಿಪ್ಲೇಸ್ ಉಪಾಯ ಕೊನೆಯ ಫೋಲ್ಡರ್‌ನಲ್ಲಿ ಬೀಳುತ್ತದೆ. ರೆಜೆಕ್ಸ್ ದಾರಿ ಇಡೀ ಸಾಲನ್ನು ದಾಟುತ್ತದೆ. ಬಂದ ಉತ್ತರವನ್ನು ಉದ್ದ ಅಳೆದು ಬಿಡಬೇಡಿ, ಯುಟಿಎಫ್-8 ಫೈಲಿಗೆ ಬರೆದು ನೋಡಿ. ಎರಡು ಹೋಳಾದ ಇಮೋಜಿ ಸ್ಟ್ರಿಂಗ್ ಒಳಗೆ ತೆಪ್ಪಗೆ ಕೂತಿರುತ್ತದೆ, ಬರೆಯಲು ಹೋದಾಗಲೇ ಸರೋಗೇಟ್‌ಗಳಿಗೆ ಅವಕಾಶ ಇಲ್ಲ ಅಂತ ಎರರ್ ಬರುತ್ತದೆ.